ಮೊಣಕಾಲಿಗಂತ ಎತ್ತಿಟ್ಟ ತುಂಡು

ಕೌಲ್ ಬಜಾರಿನ ಈ ಗಲ್ಲಿಗೆ ಬಂದು
ಹದಿನೇಳು ವರ್ಷ ಆತು. ಮಿಷನ್ನು ಅದೇ,
ಅದರ ಕುಂಟುಗಾಲಿಗೆ ಕೊಟ್ಟ ಹಲಗೆಯೂ ಅದೇ.
ಆಗೆಲ್ಲ ಸೋಮವಾರ ಅಂದ್ರೆ ಮೊಣಕಾಲಿನ ವಾರ.
ಬೆಟ್ಟದ ಬಂಡೆ ಜಾರಿದವರ ಪ್ಯಾಂಟು,
ಚಿಣಿಕೋಲಿಗೆ ತೆಗ್ಗು ತೋಡಿದವರ ಪ್ಯಾಂಟು,
ತಾಯಂದಿರು ಬೈಕಂತ ತಂದು ಬಿಸಾಕೋರು:
"ಹೊನ್ನೂರಮ್ಮಾ, ಈ ಕೋತಿಗೆ
ತಗಡಿನ ತೇಪೆ ಹಾಕು."

ಹರಿದದ್ದು ನೋಡಿದ್ರೆ ಸಾಕು, ಆಟ ಹೇಳ್ತಿದ್ದೆ.
ಒಂದೇ ಮೊಣಕಾಲು ಸವೆದಿದ್ರೆ ಗೋಲಿ.
ಎರಡೂ ಹರಿದು ಕೆಂಪುಮಣ್ಣು ಹತ್ತಿದ್ರೆ ಕಬಡ್ಡಿ.
ಹಿಂದೆ ಹರಿದಿದ್ರೆ ಬಂಡೆ.
ಅದಕ್ಕೆ ಡಬಲ್ ಬಟ್ಟೆ, ಡಬಲ್ ರೊಕ್ಕ.

ಮೂರು ವರ್ಷದಿಂದ ಮೂಟೆ ಹಂಗೇ ಬಿದ್ದೈತೆ,
ಮೊಣಕಾಲಿಗಂತ ಎತ್ತಿಟ್ಟ ನೀಲಿ ತುಂಡುಗಳ ಮೂಟೆ.
ಬೆಕ್ಕು ಅದರ ಮ್ಯಾಲೆ ಎರಡು ಸಲ ಮರಿ ಹಾಕ್ತು.
ಪ್ಯಾಂಟು ಬರ್ತಾವೆ, ಇಲ್ಲ ಅಂತಲ್ಲ.
ಮೊಣಕಾಲು ಅಂಗಡೀಲಿದ್ದಂಗೇ ಇರ್ತೈತೆ, ಇಸ್ತ್ರಿ ಗೆರೆ ಸೈತ.
"ಸೊಂಟ ಎರಡಿಂಚು ಬಿಡು."
"ಗುಂಡಿ ಬ್ಯಾಡ, ಎಲಾಸ್ಟಿಕ್ ಹಾಕು."
"ಜೇಬು ಇನ್ನೊಂಚೂರು ಉದ್ದ ಮಾಡು,
ಫೋನು ಹೊರಗೆ ಇಣುಕ್ತೈತಂತೆ."

ಎರ್ರಿಸ್ವಾಮಿಗೆ ಹತ್ತು ವರ್ಷ.
ಅಂಗಿ ಅಳತೆಗೆ ನಿಲ್ಲು ಅಂದ್ರೆ
ನಿಂತ, ತಲೆ ಬಗ್ಗಿಸ್ಕಂಡೇ.
ಎತ್ತಲೇ ಅಂದೆ. ಎತ್ತಿದ. ಟೇಪು ಹಿಡಿಯೋದ್ರಾಗೆ
ಕುತ್ತಿಗೆ ತಾನಾಗೇ ಇಳೀತು.
ಕಾಳು ತುಂಬದ ತೆನೆಗೆ ಇಷ್ಟು ಬಾಗು
ಎಲ್ಲಿಂದ ಬಂತು?
ಹಿಂದೆ, ಕಾಲರಿನ ಕೆಳಗೆ, ಒಂದಿಂಚು ಜಾಸ್ತಿ ಇಟ್ಟೆ.
ಅವರಮ್ಮಗೆ ಹೇಳಲಿಲ್ಲ.

ಪಕ್ಕದ ಶೆಡ್ಡಿನಾಗೆ ಹುಡುಗರು
ಕಂಪನಿ ಜೀನ್ಸಿನ ಮೊಣಕಾಲು ಹರೀತಾರೆ,
ಮಿಷನ್ ಹಚ್ಚಿ ಉಜ್ಜಿ ಉಜ್ಜಿ, ಪೀಸಿಗೆ ಇಷ್ಟು ಅಂತ.
ನೂಲು ಎದ್ದು, ಬಿದ್ದಂಗೇ ಕಾಣಬೇಕು.
ಅಂಥದ್ದೊಂದು ಹಾಕ್ಕಂಡು ಎರ್ರಿಸ್ವಾಮಿ ಹಬ್ಬಕ್ಕೆ ಬಂದ.
ತೂತಿನಾಗೆ ಅವನ ಮೊಣಕಾಲು ನೋಡಿದೆ:
ಒಂದು ಕಲೆ ಇಲ್ಲ,
ಈಗಷ್ಟೇ ಬಿಚ್ಚಿದ ಸಾಬೂನಿನಂಗೆ.

ನಾನೇನು ಸಾಚಾ ಅಲ್ಲ.
ನನ್ನ ಗಾದಿಲಿಂಗ ಎರಡು ವರ್ಷದವನಿದ್ದಾಗ
ಬೆಳಗಾಗೋದ್ರಾಗೆ ನಾನೂರು ಪೀಸಿನ ದಾರ ಕತ್ತರಿಸಬೇಕಿತ್ತು.
ಕತ್ತರಿ, ಸೂಜಿ, ಓಡಾಡೋ ಕೂಸು.
ಕೈಗೆ ಫೋನು ಕೊಟ್ಟು ಗೋಡೆಗೆ ಆನಿಸಿ ಕೂಡ್ಸಿದೆ.
ಎಂಟು ತಿಂಗಳು ಆ ಗೋಡೆ ಅವನನ್ನ ಸಾಕ್ತು.
ಒಂದು ಸೂಜಿ ತಗಲಲಿಲ್ಲ.
ಆ ಪುಣ್ಯ ಫೋನಿಂದೇ, ಸುಳ್ಳು ಯಾಕೆ ಹೇಳ್ಲಿ.
ಮೊನ್ನೆ ಅಂಗನವಾಡಿಗೆ ಹೊರಟಾಗ
ಗುಂಡಿ ಹಾಕ್ಕಾ ಅಂದೆ.
ತೋರುಬೆರಳು ಗುಂಡಿ ಮ್ಯಾಲಿಟ್ಟು
ಮೆಲ್ಲಗೆ ಪಕ್ಕಕ್ಕೆ ಜಾರಿಸಿದ.
ಕಾದ. ಮತ್ತೆ ಜಾರಿಸಿದ.
ಆಮ್ಯಾಲೆ ನನ್ನ ಮುಖ ನೋಡಿದ,
ನೆಟ್‌ವರ್ಕ್ ಹೋಗಿರೋದು ನಂದೇ ಅನ್ನೋಹಂಗೆ.

ನಿನ್ನೆ ಸಂಜೆ ಖೈರೂನ್ ಕುಂಟ್ಕಂತ ಬಂದ್ಲು.
ಬಲ ಮೊಣಕಾಲು ಹರಿದೈತೆ!
ಅಡ್ಡಾದಿಡ್ಡಿ, ಮೂರು ಬೆರಳಗಲ, ಮಣ್ಣು, ರಕ್ತ.
ಎಷ್ಟು ದಿನ ಆಗಿತ್ತು ಇಂಥದ್ದು ಕಂಡು.
ದಾರ ಒಂದೇ ಸಲಕ್ಕೆ ಸೂಜಿಯೊಳಗೆ ಹೋತು.
ಬೆಕ್ಕು ಎಬ್ಬಿಸಿ ಮೂಟೆ ಬಿಚ್ಚಿದೆ.
"ಎಲ್ಲಿ ಬಿದ್ದೆ? ಬಂಡೆ ಮ್ಯಾಲಾ? ಕುಂಟಾಬಿಲ್ಲೇನಾ?"
"ಇಲ್ಲ ಆಂಟಿ, ಫೋನ್ ನೋಡ್ಕಂತ ಬರ್ತಿದ್ದೆ.
ಚರಂಡಿ ಕಲ್ಲು ಕಾಣಲಿಲ್ಲ."

ನಕ್ಕೆ. ಇನ್ನೇನು ಮಾಡ್ಲಿ.
ಬಿದ್ದದ್ದಂತೂ ನೆಲಕ್ಕೇ ಅಲ್ಲ?
ನನ್ನ ಲಂಗ ಉಟ್ಕಂಡು ಕಟ್ಟೆ ಮ್ಯಾಲೆ ಕೂತಿದ್ಲು.
ಗಾದಿ ಹೋಗಿ ಅವಳ ಗಾಯದ ಎದ್ರಿಗೆ ಕುಂತ.
ರಕ್ತದ ಮ್ಯಾಲೆ ಬೆರಳಿಟ್ಟು ಜಾರಿಸೋಕೆ ಹೋದ.
"ಅಮ್ಮೀ" ಅಂತ ಅವಳು ಚೀರಿದ ಸದ್ದಿಗೆ
ಬೆಚ್ಚಿ ಕೈ ತೆಗೆದ.
ಬೆರಳು ನೋಡಿದ, ಕೆಂಪು.
ಆಮ್ಯಾಲೆ ತನ್ನ ಪ್ಯಾಂಟಿನ ಕಾಲು ಮ್ಯಾಲೆತ್ತಿ
ತನ್ನ ಮೊಣಕಾಲನ್ನ
ಅತ್ತ ಇತ್ತ ತಿರುಗಿಸಿ ನೋಡ್ಕಂಡ,
ಯಾರೋ ಈಗ ತಂದು ಕೊಟ್ಟಂಗೆ.